ನಗು ನಿಂತ ಮೇಲೆ ನೀರು

ಸೆಪ್ಟೆಂಬರ್ 3, ಮಂಗಳವಾರ

ಈ ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಯಾರೂ ಇಲ್ಲವಾದ್ದರಿಂದ ಬರೆಯಲು ಕೂತಿದ್ದೇನೆ. ಇದು ಮಗಳು ಕೊಟ್ಟ ಉಪಾಯ. ಬಾಯಿ ಕಟ್ಟಿಹಾಕಿದರೆ ನಿನಗೆ ಹೊಟ್ಟೆನೋವು ಬರುತ್ತದೆ, ಅದಕ್ಕೆ ಒಂದು ಡೈರಿ ಇಟ್ಟುಕೋ ಎಂದಳು. ಅವಳು ಹೆರಿಗೆ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ರಕ್ತದೊತ್ತಡ ಏರಿದೆಯಂತೆ. ದಿನ ತುಂಬಲು ಇನ್ನೂ ತಿಂಗಳ ಮೇಲಿದೆ, ಅಲ್ಲಿಯತನಕ ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರ ಅಪ್ಪಣೆ. ಹಾಗಾಗಿ ನಾನು ನನ್ನ ಮನೆಗೆ ಬೀಗ ಹಾಕಿ, ಒಂದಷ್ಟು ಬಟ್ಟೆ ಮತ್ತು ಕತ್ತರಿ ಪೆಟ್ಟಿಗೆ ಹಿಡಿದು ಅವಳ ಮನೆಗೆ ಬಂದಿದ್ದೇನೆ. ಹಗಲೆಲ್ಲ ಮೊಮ್ಮಗಳನ್ನು ನೋಡಿಕೊಳ್ಳುವುದು, ಸಂಜೆ ಅಳಿಯ ಮಹಾಶಯರು ಕೆಲಸದಿಂದ ಬಂದ ಮೇಲೆ ನನ್ನ ಸಲೂನಿಗೆ ಹೋಗಿ ಒಂದಷ್ಟು ತಲೆ ಮುಗಿಸಿ ಬರುವುದು.

ಅಳಿಯ ಮಹಾಶಯರ ಬಗ್ಗೆ ಏನೆಂದು ಬರೆಯಲಿ? ಅವರು ಲಿಫ್ಟ್ ರಿಪೇರಿ ಮಾಡುತ್ತಾರೆ. ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ಇಳಿದು ಗಾಲಿ, ತಂತಿ, ಮೋಟಾರು ನೋಡುತ್ತಾರಂತೆ. ಆ ಕತ್ತಲೆಯಲ್ಲಿ ಒಬ್ಬರೇ ಇದ್ದೂ ಇದ್ದೂ ಮಾತು ಮರೆತಿರಬೇಕು. ಬೆಳಗ್ಗೆ "ಬರ್ತೀನಿ ಮಾವ", ಸಂಜೆ "ಬಂದೆ ಮಾವ". ನಡುವೆ ಮಾತಾಡಿಸಿದರೆ ತಲೆ ಆಡಿಸುತ್ತಾರೆ. ನಾನೋ ಮಾತಿನಿಂದಲೇ ಗಿರಾಕಿ ಹಿಡಿದವನು. ಗಲ್ಲಕ್ಕೆ ಸೋಪು ಹಚ್ಚಿದ ಮೇಲೆ ಕುರ್ಚಿಯಲ್ಲಿ ಕೂತವನು ಬಾಯಿ ತೆರೆಯುವ ಹಾಗಿಲ್ಲ, ಅವನ ಪಾಲಿನ ಮಾತನ್ನೂ ನಾನೇ ಆಡಬೇಕು. ಮದುವೆಯಾಗಿ ಇಷ್ಟು ವರ್ಷವಾದರೂ ಈ ಮಹಾಶಯರು ಆ ಕುರ್ಚಿಯಲ್ಲಿ ಒಮ್ಮೆಯೂ ಕೂತವರಲ್ಲ. ಇನ್ನೆಲ್ಲೋ ಕೂದಲು ಕತ್ತರಿಸಿಕೊಂಡು ಬರುತ್ತಾರೆ. ಅದೂ ಒಂದು ಕಿವಿಯ ಕಡೆ ಉದ್ದ, ಇನ್ನೊಂದು ಕಿವಿಯ ಕಡೆ ಗಿಡ್ಡ.

ಮೊಮ್ಮಗಳು ಮಾತ್ರ ನನ್ನ ಕಡೆಯವಳು. ಮೂರೂವರೆ ವರ್ಷ. ಕಣ್ಣು ಬಿಟ್ಟಾಗಿನಿಂದ ಮುಚ್ಚುವ ತನಕ ಮಾತು. ಸಲೂನಿನ ಪಕ್ಕದ ಕುರ್ಚಿಯ ನನ್ನ ಜೊತೆಗಾರ ಅವಳಿಗೆ ರೇಡಿಯೋ ಎಂದು ಹೆಸರಿಟ್ಟ, ಅದೇ ನಿಂತಿತು. ರೇಡಿಯೋ ಎಚ್ಚರವಾಗಿರುವ ತನಕ ನನಗೆ ಚಿಂತೆಯಿಲ್ಲ. ಅವಳು ಮಲಗಿದ ಮೇಲೆ ಈ ಮನೆಯಲ್ಲಿ ಉಳಿಯುವುದು ನಾನು, ಅಳಿಯ ಮಹಾಶಯರು ಮತ್ತು ಗೋಡೆ. ಮೂವರಲ್ಲಿ ಗೋಡೆಯೇ ವಾಸಿ.

ಸೆಪ್ಟೆಂಬರ್ 6, ಶುಕ್ರವಾರ

ರೇಡಿಯೋಗೆ ನನ್ನ ಕೈಯ ಸ್ನಾನ ಎಂದರೆ ಪ್ರಾಣ. ಅವಳಮ್ಮ ಸ್ನಾನ ಮಾಡಿಸುತ್ತಿದ್ದದ್ದು ಹೊರಡುವ ಬಸ್ಸು ಹಿಡಿಯುವವಳ ಹಾಗೆ. ನನ್ನದು ಹಾಗಲ್ಲ. ತಲೆಯ ಮೇಲೆ ನೊರೆ ಎಬ್ಬಿಸಿ ಕೊಂಬು, ಕಿರೀಟ, ಕೋಳಿಜುಟ್ಟು ಮಾಡಿ ಕನ್ನಡಿ ಹಿಡಿಯುತ್ತೇನೆ. ಗಿರಾಕಿಗಳ ಕಥೆ ಹೇಳುತ್ತೇನೆ. ಕೊನೆಗೆ ಮಗ್ಗನ್ನು ಎತ್ತರಕ್ಕೆ ಹಿಡಿದು ಒಮ್ಮೆಲೇ ಸುರಿಯುತ್ತೇನೆ. ಅದಕ್ಕೆ ನಾವಿಬ್ಬರೂ ಇಟ್ಟ ಹೆಸರು ಜಲಪಾತ. ಬಾಯಿ ತುಂಬ ನಗುತ್ತಾಳೆ, ಇನ್ನೊಂದು ಇನ್ನೊಂದು ಎಂದು ಪೀಡಿಸುತ್ತಾಳೆ.

ಇಂದು ಅಳಿಯ ಮಹಾಶಯರು ತಡವಾಗಿ ಹೊರಡುವವರಿದ್ದರು. ಬಚ್ಚಲಿನ ಬಾಗಿಲಲ್ಲಿ ನಿಂತು ನೋಡಿ, "ನೀರು ಸ್ವಲ್ಪ ನಿಧಾನ, ಮಾವ" ಎಂದರು. ಇಲ್ಲಿಗೆ ಬಂದ ಮೇಲೆ ಅವರ ಬಾಯಿಂದ ಬಂದ ಮೊದಲ ಹೊಸ ಮಾತು, ಅದೂ ಆಕ್ಷೇಪಣೆ. ಎಷ್ಟು ತಲೆ ತೊಳೆದ ಕೈ ಇದು! ಲಿಫ್ಟಿಗೆ ಎಣ್ಣೆ ಬಿಡುವವರಿಂದ ನಾನು ತಲೆ ತೊಳೆಯುವುದನ್ನು ಕಲಿಯಬೇಕಂತೆ. ಮುಂದಿನ ಮಗ್ಗನ್ನು ಬೇಕೆಂದೇ ಇನ್ನೂ ಎತ್ತರದಿಂದ ಸುರಿದೆ.

ಸೆಪ್ಟೆಂಬರ್ 10, ಮಂಗಳವಾರ

ಮಕ್ಕಳ ಆಸ್ಪತ್ರೆ. ರೇಡಿಯೋ ಮುಖಕ್ಕೆ ಆಕ್ಸಿಜನ್ ಹಾಕಿದ್ದಾರೆ. ಬರೆಯಲಾರೆ.

ಸೆಪ್ಟೆಂಬರ್ 11, ಬುಧವಾರ

ಮಗು ನಿದ್ದೆಯಲ್ಲಿದೆ. ಅಳಿಯ ಅವಳ ಪಕ್ಕ ಕೂತಿದ್ದಾರೆ. ಸುಮ್ಮನೆ ಕೂತರೆ ತಲೆ ಕೆಡುತ್ತದೆ, ನಿನ್ನೆಯದನ್ನು ಬರೆಯುತ್ತೇನೆ.

ಬೆಳಗ್ಗೆ ಸ್ನಾನಕ್ಕೆ ಕೂರಿಸಿದ್ದೆ. ತಲೆಯ ತುಂಬ ನೊರೆ. ಮೀಸೆಮಾಮನ ಕಥೆ ಹೇಳುತ್ತಿದ್ದೆ. ಹಿಂದೆ ನಮ್ಮ ಸಲೂನಿಗೆ ಒಬ್ಬ ದೊಡ್ಡ ಮೀಸೆಯವನು ಬರುತ್ತಿದ್ದ. ಕತ್ತಿ ಮೀಸೆಯ ಹತ್ತಿರ ಬಂದಾಗ ಸೀನಿಬಿಟ್ಟ, ಅರ್ಧ ಮೀಸೆ ಹೋಯಿತು. ಆ ಸೀನನ್ನು ನಾನು ಸೀನಿ ತೋರಿಸಿದೆ. ಅವಳು ಹೊಟ್ಟೆ ಹಿಡಿದು ನಗತೊಡಗಿದಳು. ಆ ನಗುವಿನ ನಡುವೆಯೇ ನಾನು ಜಲಪಾತ ಬಿಟ್ಟೆ.

ನಗು ಕತ್ತರಿಸಿದ ಹಾಗೆ ಪಟಕ್ಕನೆ ನಿಂತಿತು. ಶಬ್ದವೇ ಇಲ್ಲ. ಕಣ್ಣು ಅರಳಿಸಿ ನನ್ನನ್ನೇ ನೋಡಿದಳು. ಆಮೇಲೆ ಕೆಮ್ಮು ಬಂತು, ಒಂದರ ಮೇಲೊಂದು, ನಿಲ್ಲದ ಕೆಮ್ಮು. ಎತ್ತಿಕೊಂಡು ಮುಂದಕ್ಕೆ ಬಾಗಿಸಿ ಬೆನ್ನು ತಟ್ಟಿದೆ. ನೀರು, ಬೆಳಗ್ಗೆ ಕುಡಿದ ಹಾಲು, ಎಲ್ಲ ಕಾರಿದಳು. ಕೊನೆಗೆ ಜೋರಾಗಿ ಅತ್ತಳು. ಅಳು ಕೇಳಿ ನನಗೆ ಹೋದ ಜೀವ ಬಂತು. ಅಳುವ ಮಗುವಿಗೆ ಉಸಿರು ಇದೆ ತಾನೇ, ಇನ್ನೇನು ಎಂದುಕೊಂಡೆ. ಒರೆಸಿ, ಬಟ್ಟೆ ಹಾಕಿ, ಬಿಸ್ಕತ್ತು ಕೊಟ್ಟೆ.

ಬಿಸ್ಕತ್ತು ತಿನ್ನಲಿಲ್ಲ. ಕೆಮ್ಮು ಆಗಾಗ ಬರುತ್ತಲೇ ಇತ್ತು. ಮಧ್ಯಾಹ್ನ ಮಲಗಿದವಳು ಎಬ್ಬಿಸಿದರೂ ಸರಿಯಾಗಿ ಏಳಲಿಲ್ಲ. ಎದ್ದ ಮೇಲೂ ಮಾತಿಲ್ಲ. ಹಣೆ ಮುಟ್ಟಿದರೆ ಬೆಚ್ಚಗಿತ್ತು. ಥಂಡಿಯಾಗಿದೆ, ಸುಸ್ತಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ರೇಡಿಯೋ ಸುಮ್ಮನಿದೆ ಎಂದರೆ ಅದಕ್ಕಿಂತ ದೊಡ್ಡ ಸೂಚನೆ ಬೇಕಿತ್ತೇ ನನಗೆ?

ಸಂಜೆ ಅಳಿಯ ಬಂದಾಗ ನಾನು ಸಲೂನಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಅವರು ಮಗುವಿನ ಪಕ್ಕ ಕೂತರು. ಅಂಗಿ ಮೇಲಕ್ಕೆತ್ತಿ ಸುಮ್ಮನೆ ನೋಡಿದರು. ಯಂತ್ರದ ಸದ್ದು ಕೇಳುವವರ ಹಾಗೆ ತಲೆ ವಾರೆ ಮಾಡಿಕೊಂಡು ನೋಡಿದರು. ಆಗ ನನಗೂ ಕಾಣಿಸಿತು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಎಳೆಯುತ್ತಿತ್ತು. ಮೂಗಿನ ಹೊಳ್ಳೆ ಅರಳಿ ಅರಳಿ ಮುಚ್ಚುತ್ತಿತ್ತು. ಓಡಿ ಬಂದವರ ಹಾಗೆ ಉಸಿರು.

"ಯಾವಾಗಿಂದ ಹೀಗೆ?"

ಥಂಡಿ ಇರಬೇಕು, ಅಂಗಡಿಯಿಂದ ಸಿರಪ್ ತರುತ್ತೇನೆ, ನಾಳೆ ಬೆಳಗ್ಗೆ ನೋಡೋಣ ಎಂದೆಲ್ಲ ನಾನು ಹೇಳುತ್ತಿದ್ದೆ. ಅಷ್ಟರಲ್ಲಿ ಅವರು ಮಗುವನ್ನು ಹೆಗಲಿಗೆ ಹಾಕಿಕೊಂಡಾಗಿತ್ತು.

"ನಡೀರಿ ಮಾವ. ಈಗಲೇ."

ಆಸ್ಪತ್ರೆಯಲ್ಲಿ ಬೆರಳಿಗೆ ಒಂದು ಕ್ಲಿಪ್ ಹಾಕಿದರು. ಅದರಲ್ಲಿ ಬಂದ ಅಂಕಿ ನೋಡಿದ್ದೇ ತಡ, ನರ್ಸ್ ಓಡಿದಳು. ಮಕ್ಕಳ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು, ಜಡೆಯಲ್ಲಿ ಪೆನ್ನು ಸಿಕ್ಕಿಸಿಕೊಂಡಿದ್ದರು. ಎದೆಯ ಫೋಟೋ ತೆಗೆಸಿದರು. ಜ್ವರ ಯಾವಾಗಿಂದ, ಮೊದಲು ನೆಗಡಿ ಇತ್ತಾ ಎಂದು ಕೇಳಿದರು. ಆಮೇಲೆ, ಏನಾದರೂ ತಿನ್ನುವಾಗ ಕುಡಿಯುವಾಗ ದಾರಿ ತಪ್ಪಿ ಒಳಗೆ ಹೋಯಿತಾ ಎಂದರು. ಅಳಿಯ ಪಾಪ ಇಲ್ಲವೆಂದು ತಲೆಯಾಡಿಸಿದರು. ಅವರಿಗೇನು ಗೊತ್ತು?

ಗೊತ್ತಿದ್ದವನು ನಾನೊಬ್ಬನೇ. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆಂದು ಒಂದು ಕ್ಷಣ ಅನಿಸಿದ್ದೂ ನಿಜ. ಹಾಸಿಗೆಯ ಮೇಲೆ ಮಗುವಿನ ಹೊಟ್ಟೆ ಏರಿಳಿಯುತ್ತಿತ್ತು. ಹೇಳಿದೆ. ಕಥೆ, ನಗು, ನೊರೆ, ಎತ್ತರದಿಂದ ಸುರಿದದ್ದು, ಹಾಲು ಕಾರಿದ್ದು, ಒಂದನ್ನೂ ಬಿಡದೆ ಹೇಳಿದೆ. ಡಾಕ್ಟರು ಬೈಯಲಿಲ್ಲ. ಹೇಳಿದ್ದು ಒಳ್ಳೆಯದಾಯಿತು, ಈಗ ದಾರಿ ಕಾಣುತ್ತದೆ ಎಂದರು. ಸೋಪಿನ ನೀರೋ, ಕಾರಿದ ಹಾಲೋ ಶ್ವಾಸಕೋಶಕ್ಕೆ ಇಳಿದು ಅಲ್ಲಿ ಊತ ಬಂದಿದೆಯಂತೆ. ಫೋಟೋದಲ್ಲಿ ಬಲಗಡೆ ಕೆಳಗೆ ಮೋಡ ಕವಿದ ಹಾಗಿತ್ತು.

"ನೀರು ನೆತ್ತಿಗೇರೋದು ಎಲ್ಲ ಮಕ್ಕಳಿಗೂ ಆಗುತ್ತೆ. ಬಹಳಷ್ಟು ಮಕ್ಕಳು ಕೆಮ್ಮಿ ಹೊರಗೆ ಹಾಕಿ ಆಟಕ್ಕೆ ಓಡ್ತಾರೆ. ಆದ್ರೆ ಕೆಮ್ಮು ನಿಲ್ಲಲಿಲ್ಲ, ಉಸಿರು ಜೋರಾಯ್ತು, ಮಗು ಮಂಕಾಯ್ತು ಅಂದ್ರೆ ಬೆಳಗಾಗಲಿ ಅಂತ ಕಾಯಬಾರದು. ನೀವು ಕಾಯಲಿಲ್ಲ."

ಕಾಯದೆ ಇದ್ದವನು ನಾನಲ್ಲ.

ಹೊರಗೆ ಬೆಂಚಿನ ಮೇಲೆ ಕೂತೆ. ಅಳಿಯ ಬಂದು ಬೈಯಲಿ ಎಂದು ಕಾದೆ. ಬೈದರೆ ಹಗುರಾಗುತ್ತಿತ್ತು. ಅವರು ಎರಡು ಲೋಟ ಚಹಾ ತಂದರು. ಒಂದನ್ನು ನನ್ನ ಕೈಗಿಟ್ಟು ಪಕ್ಕದಲ್ಲಿ ಕೂತರು. ತಮ್ಮ ಲೋಟ ಕೆಳಗಿಟ್ಟು ಹೇಳಿದರು:

"ಅವತ್ತು ಬಾಗಿಲಲ್ಲಿ ನಿಂತು ಒಂದು ಸಲ ಹೇಳಿ ಸುಮ್ಮನಾದೆ. ಇನ್ನೊಂದು ಸಲ ಹೇಳ್ಬೇಕಿತ್ತು ನಾನು."



ಸೆಪ್ಟೆಂಬರ್ 12, ಗುರುವಾರ

ಜ್ವರ ಇಳಿದಿಲ್ಲ. ಸೂಜಿಯಲ್ಲಿ ಔಷಧಿ ಕೊಡುತ್ತಿದ್ದಾರೆ. ಇಷ್ಟು ಪುಟ್ಟ ಕೈಗೆ ಅಷ್ಟು ದೊಡ್ಡ ಪಟ್ಟಿ. ಮಂಚದ ಒಂದು ಕಡೆ ನಾನು, ಇನ್ನೊಂದು ಕಡೆ ಅಳಿಯ. ಅವರು ಮಗುವಿನ ಕಾಲಿನ ಹೆಬ್ಬೆರಳು ಹಿಡಿದುಕೊಂಡೇ ಇರುತ್ತಾರೆ.

ನಮ್ಮಿಬ್ಬರಿಗೂ ಇಂದು ಒಂದು ಸಣ್ಣ ಜಟಾಪಟಿ. ನನ್ನ ಮಗಳಿಗೆ ಹೇಳುವುದು ಬೇಡ, ಅವಳ ರಕ್ತದೊತ್ತಡ ಏರಿದರೆ ಏನು ಗತಿ ಎಂದು ನಾನು. ಅವಳ ಮಗು, ಅವಳಿಗೆ ತಿಳಿಯಬೇಕು ಎಂದು ಅವರು. ನಾನೇ ಗೆದ್ದೆ ಎಂದುಕೊಂಡು ಮಗಳಿಗೆ ಫೋನ್ ಮಾಡಿ, ಎಲ್ಲ ಚೆನ್ನಾಗಿದೆ, ಆಮೇಲೆ ಮಾಡುತ್ತೇನೆ ಎಂದು ಇಟ್ಟುಬಿಟ್ಟೆ. ತಕ್ಷಣ ಅವಳೇ ತಿರುಗಿ ಮಾಡಿದಳು.

"ಅಪ್ಪಾ, ನೀನು ಎರಡು ಮಾತಿಗೆ ಫೋನ್ ಇಟ್ಟಿದ್ದೀಯಾ. ಯಾರಿಗೆ ಏನಾಗಿದೆ?"

ನಾನು ತಡವರಿಸಿದೆ. ಅಳಿಯ ಫೋನ್ ತೆಗೆದುಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದರು. ಅವಸರವಿಲ್ಲ, ಬಣ್ಣವಿಲ್ಲ. ಆಕ್ಸಿಜನ್ ಎಷ್ಟಿದೆ, ಡಾಕ್ಟರು ಏನೆಂದರು, ಏನು ತಿಂದಳು, ಎಲ್ಲ ಹೇಳಿದರು. ಮಗಳು ಅತ್ತಳೆಂದು ಕಾಣುತ್ತದೆ. ಇವರು ಸುಮ್ಮನೆ ಕೇಳಿಸಿಕೊಂಡರು. ಕೊನೆಗೆ ಫೋನ್ ನನಗೆ ಕೊಟ್ಟರು. ಅವಳು ನನ್ನನ್ನು ಒಂದೇ ಕೇಳಿದಳು, ಊಟ ಮಾಡಿದೆಯಾ ಎಂದು. ಈ ವಯಸ್ಸಿನಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಹಾಗೆ ಅತ್ತದ್ದನ್ನು ನೋಡಿದವರು ಏನೆಂದುಕೊಂಡರೋ.

ಸೆಪ್ಟೆಂಬರ್ 14, ಶನಿವಾರ

ಬರೆಯಲು ಕೈ ನಿಲ್ಲುತ್ತಿಲ್ಲ. ರೇಡಿಯೋ ಹಾಡಿತು!

ಬೆಳಗ್ಗೆ ಜ್ವರ ಇರಲಿಲ್ಲ. ಡಾಕ್ಟರು ಆಕ್ಸಿಜನ್ ಕಡಿಮೆ ಮಾಡಿ, ಆಮೇಲೆ ಪೂರ್ತಿ ತೆಗೆದು ನೋಡಿದರು. ಬೆರಳಿನ ಕ್ಲಿಪ್ಪಿನ ಅಂಕಿ ಅಲ್ಲಾಡಲಿಲ್ಲ. ನಾವಿಬ್ಬರೂ ಆ ಅಂಕಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆವು. ಅಷ್ಟರಲ್ಲಿ ಹಾಸಿಗೆಯಿಂದ ಒಡಕು ದನಿ ಬಂತು.

"ತಾತಾ, ಮೀಸೆಮಾಮ ಆಮೇಲೆ ಏನ್ಮಾಡ್ದ?"

ಅವಳಿಗೆ ಕಥೆ ನಿಂತ ಜಾಗ ನೆನಪಿದೆ.  ಮಾತಿನ ಮಲ್ಲನಾದ ನನಗೆ ಮಾತು ಬರಲಿಲ್ಲ. ಅಳಿಯ ನನ್ನ ಮುಖ ನೋಡಿ, ಹೇಳಿ ಮಾವ ಎಂದು ಕಣ್ಣಲ್ಲೇ ಅಂದ. ಹೇಳಿದೆ. ಆ ಮೀಸೆಮಾಮ ಉಳಿದರ್ಧ ಮೀಸೆ ಬೋಳಿಸಲು ಒಪ್ಪದೆ, ಹೋದದ್ದು ಬೆಳೆಯುವ ತನಕ ಮುಖದ ಆ ಅರ್ಧಕ್ಕೆ ಕರವಸ್ತ್ರ ಹಿಡಿದುಕೊಂಡೇ ಓಡಾಡಿದ. ಹಲ್ಲುನೋವೇ ಎಂದು ಕೇಳಿದವರಿಗೆಲ್ಲ ಹೌದೆಂದ. ಕೊನೆಗೆ ಅವನ ಹೆಂಡತಿಯೇ ಹಲ್ಲು ಕೀಳುವವನ ಹತ್ತಿರ ಎಳೆದುಕೊಂಡು ಹೋದಳು. ಪಕ್ಕದ ಮಂಚದ ಮಗುವಿನ ತಾಯಿಯೂ ನಕ್ಕಳು, ನರ್ಸೂ ನಕ್ಕಳು. ರೇಡಿಯೋ ನಕ್ಕು ಕೆಮ್ಮಿದಳು, ಕೆಮ್ಮಿ ನಕ್ಕಳು. ನನ್ನ ಅಳಿಯ ನಕ್ಕ. ಅವನಿಗೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತದೆ. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಸೆಪ್ಟೆಂಬರ್ 17, ಮಂಗಳವಾರ

ಮನೆಗೆ ಬಂದೆವು. ಬಿಡುವ ಮೊದಲು ಡಾಕ್ಟರು ಕೂರಿಸಿ ಹೇಳಿದರು. ನೀರು ಸ್ವಲ್ಪಸ್ವಲ್ಪವೇ, ಹತ್ತಿರದಿಂದ. ತಲೆ ಹಿಂದಕ್ಕೆ ಬಾಗಿರಲಿ. ಮುಖದ ಮೇಲೆ ಸುರಿಯುವುದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಕೆಟ್ಟಿನ ಹತ್ತಿರ ಒಂದು ಗಳಿಗೆಯೂ ಒಬ್ಬಳನ್ನೇ ಬಿಡಬಾರದು. ನಗಿಸಿ, ಬೇಕಾದಷ್ಟು ನಗಿಸಿ, ಆದರೆ ನೀರು ಸುರಿಯುವಾಗ ಬೇಡ. ಅಳಿಯ ಅಷ್ಟನ್ನೂ ಕೇಳಿಕೊಂಡು ಒಂದೇ ಮಾತಿಗೆ ಇಳಿಸಿದ: "ನಗು ನಿಂತ ಮೇಲೆ ನೀರು." ಮಾತು ಕಡಿಮೆ ಇರುವವನಿಗೆ ಈ ವಿದ್ಯೆ ಒಲಿದಿದೆ.

ಆದರೆ ಯಾವ ನೀರು? ಸಂಜೆ ಬಚ್ಚಲಲ್ಲಿ ನಲ್ಲಿ ತಿರುಗಿಸಿದ ಸದ್ದಿಗೆ ರೇಡಿಯೋ ಮಂಚದ ಕೆಳಗೆ ಹೋಗಿ ಅವಿತಳು. ಅಲ್ಲಿಂದ ಹೊರಗೆ ತರಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಒದ್ದೆ ಟವೆಲಿನಲ್ಲಿ ಮೈ ಒರೆಸಿ ಮಲಗಿಸಿದೆವು. ನಿಜ ಹೇಳಬೇಕೆಂದರೆ ನನಗೂ ನಿರಾಳವಾಯಿತು. ಮಗ್ಗನ್ನು ಬೋರಲು ಹಾಕಿ ಬಚ್ಚಲಿನ ಬಾಗಿಲು ಎಳೆದುಕೊಂಡೆ.

ಸೆಪ್ಟೆಂಬರ್ 20, ಶುಕ್ರವಾರ

ಸಲೂನಿಗೆ ಹೋದೆ. ಒಬ್ಬರ ತಲೆ ತೊಳೆಯುವಾಗ, ಉಸಿರಾಡ್ತಿದ್ದೀರಾ ಎಂದು ಕೇಳಿದೆ. ಹೂಂ ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದೆ. ಮೂರನೇ ಸಲ ಕೇಳಿದಾಗ ಅವರು ಎದ್ದು ಕೂತು, ಹಾಗೆ ಕಾಣುತ್ತಿಲ್ಲವೇ ಎಂದು ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡರು. ಪಕ್ಕದ ಕುರ್ಚಿಯವನು ನಕ್ಕು ನಕ್ಕು ಕತ್ತರಿ ಕೆಳಗಿಟ್ಟ. ನನಗೆ ನಗು ಬರಲಿಲ್ಲ.

ಸೆಪ್ಟೆಂಬರ್ 23, ಸೋಮವಾರ

ಬೀದಿಯಲ್ಲೆಲ್ಲ ಕೆಟ್ಟ ತಲೆ ಯಾರದು ಎಂದರೆ ಸಲೂನಿನವನ ಮೊಮ್ಮಗಳದು. ಗಂಜಿ ಅಂಟಿದೆ, ಆಟದ ಬಣ್ಣದ ಜೇಡಿಮಣ್ಣು ಅಂಟಿದೆ, ಹಿಂಭಾಗದಲ್ಲಿ ಒಂದು ಗಂಟು ನಿಂಬೆಹಣ್ಣಿನಷ್ಟಿದೆ. ಬೊಂಬೆಗೆ ಸ್ನಾನ ಮಾಡಿಸಿ ತೋರಿಸಿದೆ. ನನ್ನ ತಲೆಗೇ ನೀರು ಹೊಯ್ದುಕೊಂಡೆ. ಹೊಸ ಬೊಂಬೆ ತರುತ್ತೇನೆಂದು ಆಸೆ ತೋರಿಸಿದೆ. ಬಚ್ಚಲಿನ ಹೊಸ್ತಿಲು ದಾಟಿಸಲು ಆಗಲಿಲ್ಲ.

ಇಂದು ಸೋತು, ಕೂದಲನ್ನೇ ಮಷಿನ್ನಿನಲ್ಲಿ ತೆಗೆದುಬಿಡುತ್ತೇನೆ, ಮತ್ತೆ ಬೆಳೆಯುತ್ತದೆ ಎಂದೆ. ಅಳಿಯ ಬೇಡವೆಂದ.

"ಕೂದಲು ಹೋಗುತ್ತೆ ಮಾವ. ಭಯ ಉಳಿಯುತ್ತೆ."

ಹಾಗಾದರೆ ನೀನೇ ಏನಾದರೂ ಮಾಡಪ್ಪಾ ಎಂದೆ.  ಅವನು ಹೇಳಲು ತೊಡಗಿದ, ನಾನು ಬಾಯಿ ಮುಚ್ಚಿ ಕೇಳಿದೆ. ಲಿಫ್ಟು ನಡುವೆ ನಿಂತು ಒಳಗೆ ಸಿಕ್ಕಿಕೊಂಡವರಲ್ಲಿ ಎಷ್ಟೋ ಜನ ಮತ್ತೆ ಲಿಫ್ಟ್ ಹತ್ತುವುದಿಲ್ಲವಂತೆ. ಎಂಟನೇ ಮಹಡಿಗಾದರೂ ಮೆಟ್ಟಿಲಲ್ಲೇ ಹತ್ತುತ್ತಾರಂತೆ. ಅಂಥವರಿಗೆ ಇವನು ಯಂತ್ರ ಗಟ್ಟಿಯಾಗಿದೆ, ಹೆದರಬೇಡಿ ಎಂದೆಲ್ಲ ಹೇಳುವುದಿಲ್ಲವಂತೆ. ಬಾಗಿಲು ತೆರೆದಿಟ್ಟು, ಒಳಗಿರುವ ಕೆಂಪು ಗುಂಡಿ ತೋರಿಸುತ್ತಾನೆ.

"ಒತ್ತಿದ್ರೆ ನಿಲ್ಲುತ್ತೆ ಅಂತ ಹೇಳ್ತೀನಿ. ಒತ್ತಿ ನೋಡ್ತಾರೆ. ನಿಲ್ಲುತ್ತೆ. ನಿಲ್ಸೋದು ತಮ್ಮ ಕೈಲಿದೆ ಅಂತ ಗೊತ್ತಾದ್ಮೇಲೆ ತಾವೇ ಹತ್ತುತ್ತಾರೆ."

ಸೆಪ್ಟೆಂಬರ್ 26, ಗುರುವಾರ

ಗುಜರಿಗೆ ಹೋಗಬೇಕಿದ್ದ ಹಳೆಯ ಲಿಫ್ಟಿನ ಗುಂಡಿಯೊಂದನ್ನು ತಂದಿದ್ದಾನೆ. ಕೆಂಪಗೆ, ದುಂಡಗೆ, ಅಂಗೈಯಷ್ಟು ಅಗಲ. ತಂತಿ ಗಿಂತಿ ಏನೂ ಇಲ್ಲ. ಅದನ್ನು ಬಚ್ಚಲಿನ ಗೋಡೆಗೆ ರೇಡಿಯೋ ಕೈಗೆಟುಕುವ ಎತ್ತರದಲ್ಲಿ ಅಂಟಿಸಿದ. ಒತ್ತಿದರೆ ಟಕ್ ಎನ್ನುತ್ತದೆ, ಅಷ್ಟೆ. ಇದರಿಂದ ಏನಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ಮೂಗು ಮುರಿದೆ.

ಅವನು ಮಗಳನ್ನು ಹೊಸ್ತಿಲಲ್ಲಿ ನಿಲ್ಲಿಸಿ ಹೇಳಿದ: "ಪುಟ್ಟಿ, ನೀನು ಇದನ್ನ ಒತ್ತಿದ್ರೆ ನಾನೂ ತಾತನೂ ಇದ್ದಲ್ಲೇ ನಿಲ್ತೀವಿ. ನೀರೂ ನಿಲ್ಲುತ್ತೆ. ನೀನು ಹೇಳೋ ತನಕ ಅಲ್ಲಾಡಲ್ಲ."

ಬಹಳ ಹೊತ್ತು ಗುಂಡಿಯನ್ನೂ ನಮ್ಮನ್ನೂ ನೋಡಿದಳು. ನಾನು ಮಗ್ಗಿಗೆ ಕೈ ಹಾಕಿದೆ. ಓಡಿ ಬಂದು ಟಕ್ ಎಂದು ಒತ್ತಿದಳು. ನಾವಿಬ್ಬರೂ ಕಲ್ಲಾದೆವು. ನಾನು ಬಗ್ಗಿದ ಭಂಗಿಯಲ್ಲಿ, ಅವನು ಟವೆಲ್ ಹಿಡಿದ ಭಂಗಿಯಲ್ಲಿ. ಸುತ್ತ ಬಂದು ಪರೀಕ್ಷಿಸಿದಳು. ನನ್ನ ಮೂಗು ಹಿಡಿದು ನೋಡಿದಳು. ಬಾಗಿಲಲ್ಲಿ ಯಾರೋ ಗಂಟೆ ಒತ್ತಿದರು, ನಾವು ಅಲ್ಲಾಡಲಿಲ್ಲ. ಬಂದವರು ಕಾದು ಹೋದರು. ನನ್ನ ಸೊಂಟ ಹಿಡಿದುಕೊಂಡಿತು. ಕೊನೆಗೆ ನಮ್ಮ ಪುಟ್ಟ ಯಜಮಾನಿ, ಹೂಂ ಈಗ ಅಲ್ಲಾಡಿ ಎಂದಳು.

ಅವಳು ಬಚ್ಚಲಿನ ಒಳಗಿದ್ದಾಳೆ ಎಂಬುದು ಆಗ ನಮಗೆ ಹೊಳೆಯಿತು.

ಸೆಪ್ಟೆಂಬರ್ 29, ಭಾನುವಾರ

ಪಾದಕ್ಕೆ ನೀರು: ಟಕ್. ಮೊಣಕಾಲಿಗೆ: ಟಕ್, ಟಕ್. ಬೆನ್ನಿಗೆ ಬಿದ್ದ ನೀರಿಗೆ ಕೈ ಗುಂಡಿಯ ಹತ್ತಿರ ಹೋಗಿ ಹಾಗೇ ನಿಂತಿತು, ಒತ್ತಲಿಲ್ಲ. ಅಳಿಯ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ.

ಸಂಜೆ ಅವಳನ್ನೂ ಕರೆದುಕೊಂಡು ಸಲೂನಿಗೆ ಬಂದಿದ್ದ. ಗಿರಾಕಿ ಇರಲಿಲ್ಲ. ಕೂತ್ಕೋ ಬಾ, ಆ ಕಿವಿಯ ಮೇಲಿನದನ್ನ ನೋಡೋಕಾಗ್ತಿಲ್ಲ ಎಂದೆ. ಕೂತ. ಇಷ್ಟು ವರ್ಷ ಯಾಕೆ ಬರಲಿಲ್ಲವೋ ಎಂದು ಕೇಳಿದೆ. ಕನ್ನಡಿಯಲ್ಲಿ ನನ್ನನ್ನು ನೋಡಿ ಹೇಳಿದ:

"ನೀವು ಕೂರಿಸಿಕೊಂಡು ಪ್ರಶ್ನೆ ಮೇಲೆ ಪ್ರಶ್ನೆ ಕೇಳ್ತೀರಿ ಮಾವ. ಕೈಲಿ ಕತ್ತಿ ಇರುತ್ತೆ. ತಪ್ಪು ಉತ್ತರ ಕೊಟ್ರೆ?"

ಪಕ್ಕದ ಕುರ್ಚಿಯವನು ಮತ್ತೆ ಕತ್ತರಿ ಕೆಳಗಿಡಬೇಕಾಯಿತು. ಈ ಸಲ ನಾನೂ ಇಟ್ಟೆ.

ಅಕ್ಟೋಬರ್ 3, ಗುರುವಾರ

ಗೆದ್ದೆವು. ತಲೆಗೆ ನೀರು ಬಿತ್ತು!

ಅವಳೇ ಹೇಳಿದ್ದು, ತಲೆ ತುರಿಸುತ್ತಿದೆ ಎಂದು. ನಾವು ಕೇಳಿಸದವರ ಹಾಗೆ ಇದ್ದೆವು. ಮತ್ತೆ ಹೇಳಿದಳು. ಅಳಿಯ ಮಣೆಯ ಮೇಲೆ ಕೂತು ಅವಳ ಕತ್ತನ್ನು ತನ್ನ ತೋಳಿನ ಮೇಲೆ ಹಿಂದಕ್ಕೆ ಒರಗಿಸಿಕೊಂಡ. ಅವಳ ಒಂದು ಕೈ ಗುಂಡಿಯ ಮೇಲೆ. ನಾನು ಹಣೆಗೆ ಅಂಗೈ ಅಡ್ಡ ಹಿಡಿದೆ, ಛಾವಣಿಯ ಅಂಚಿನ ಹಾಗೆ. ನನ್ನ ಕೈ ನಡುಗುತ್ತಿದೆಯೆಂದು ಅವಳಿಗೆ ಗೊತ್ತಾಯಿತು.

"ತಾತಾ, ನೀನೂ ಬೇಕಾದ್ರೆ ಒತ್ತು."

ಒತ್ತಿದೆ. ಮೂವರೂ ನಿಂತೆವು. ನಾನು ಉಸಿರೆಳೆದುಕೊಂಡೆ. ಆಮೇಲೆ ಸುರಿದೆ, ಹತ್ತಿರದಿಂದ, ಗುಟುಕು ಗುಟುಕಾಗಿ. ನೀರು ನೆತ್ತಿಯಿಂದ ಹಿಂದಕ್ಕೆ ಹರಿದು ಬಚ್ಚಲಿಗೆ ಬಿತ್ತು. ಒಂದು ಹನಿಯೂ ಮುಖಕ್ಕೆ ಬರಲಿಲ್ಲ. ಗಂಜಿ ಹೋಯಿತು, ಜೇಡಿ ಹೋಯಿತು, ನಾಲ್ಕು ಬಣ್ಣದ ನೀರು ಹೋಯಿತು. ಅವಳು ಗುಂಡಿ ಒತ್ತಲೇ ಇಲ್ಲ. ಒತ್ತಿದವನು ನಾನೊಬ್ಬನೇ.

ಗಂಟು ಬಿಡಿಸಲು ಸಂಜೆಯೆಲ್ಲ ಹಿಡಿಯಿತು. ಕೂದಲು ಒಣಗಿ ಬೆಳಕಿನಲ್ಲಿ ಮಿನುಗಿದಾಗ ಅಳಿಯ ಎದ್ದು ಬೀದಿಗೆ ಹೋದ. ಎಲ್ಲಿಗೆ ಹೋದನೆಂದು ಕಿಟಕಿಯಲ್ಲಿ ಇಣುಕಿದರೆ, ಆಸ್ಪತ್ರೆಗೆ ಫೋನ್ ಹಚ್ಚಿ ಹೆಂಡತಿಗೆ ಹೇಳುತ್ತಿದ್ದಾನೆ, ಕೈ ಬೀಸಿ ಬೀಸಿ, ಮಗ್ಗು ಹಿಡಿದದ್ದನ್ನೂ ಅಭಿನಯಿಸಿ. ಆಚೆಮನೆಯವರೂ ನಿಂತು ನೋಡುತ್ತಿದ್ದರು. ಎಷ್ಟು ಮಾತಾಡುತ್ತಾನಪ್ಪಾ!

ಅಕ್ಟೋಬರ್ 7, ಸೋಮವಾರ

ತೋರಿಸಲು ಕರೆದೊಯ್ದೆವು. ಹೊಸ ಫೋಟೋದಲ್ಲಿ ಮೋಡವಿಲ್ಲ, ಎರಡೂ ಕಡೆ ಒಂದೇ ಸಮ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಬೇಕೆಂದರೆ ರೇಡಿಯೋ ನಿಂತರೆ ತಾನೇ? ಗುಂಡಿಯ ಕಥೆ, ತಾತ 'ಸ್ಟ್ಯಾಚೂ' ಆದ ಕಥೆ, ಎಲ್ಲ ಹೇಳಿಯೇ ತೀರಿದಳು. ಈ ಮಗುವನ್ನು ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಡಾಕ್ಟರು ಅಳಿಯನನ್ನು ಕೇಳಿದರು. ಅದನ್ನ ನಾವು ಹಾಕಿಸಲಿಲ್ಲ ಎಂದ ಅವನು.

ಹೊರಗೆ ಬಂದಾಗ ಅವಳು ಆ ಉದ್ದ ಮೊಗಸಾಲೆಯ ಈ ತುದಿಯಿಂದ ಆ ತುದಿಗೆ ಓಡಿದಳು. ಬೇಕೆಂದೇ ತಡೆಯಲಿಲ್ಲ. ಓಡಲಿ. ಏದುಸಿರು ಬಿಡಲಿ.

ಅಕ್ಟೋಬರ್ 12, ಶನಿವಾರ

ಗಂಡು ಮಗು. ತಾಯಿ ಮಗು ಕ್ಷೇಮ. ತಲೆ ತುಂಬ ಕೂದಲು, ನನಗೆ ಗಿರಾಕಿ.

ಅಕ್ಟೋಬರ್ 20, ಭಾನುವಾರ

ಮಗಳು ಪಾಪುವಿನೊಂದಿಗೆ ಮನೆಗೆ ಬಂದಳು. ಬಂದವಳು ಮೊದಲು ಮಾಡಿದ್ದು ದೊಡ್ಡವಳ ಎದೆಗೆ ಕಿವಿಯಿಟ್ಟು ಕೇಳಿದ್ದು. ಆಸ್ಪತ್ರೆಯ ಹಾಸಿಗೆಯಲ್ಲಿ ಕಟ್ಟಿಹಾಕಿದ ಹಾಗೆ ಮಲಗಿ, ಎಲ್ಲವನ್ನೂ ಫೋನಿನಲ್ಲೇ ಕೇಳಿದವಳು. ಅವಳ ಭಯ ಇನ್ನೂ ಹಸಿಯಾಗಿದೆ. ಇಂದು ತಲೆಸ್ನಾನದ ದಿನ ಎಂದಾಗ ಅವಳ ಮುಖ ಬಿಳಿಚಿತು. ತಾನೇ ಮಾಡಿಸುತ್ತೇನೆಂದು ಎದ್ದಳು. ಆಪರೇಷನ್ ಹೆರಿಗೆಯ ಮೈ, ಬಗ್ಗಲಾಗದು. ಹಾಗಾದರೆ ಬಾಗಿಲಲ್ಲಿ ಕೂತು ನೋಡುತ್ತೇನೆ ಎಂದು ಕುರ್ಚಿ ಹಾಕಿಸಿಕೊಂಡಳು.

ನಮ್ಮ ಹುಡುಗ ಮಣೆಯ ಮೇಲೆ ಕೂತ. ನಾನು ನೀರು ಹದ ಮಾಡಿದೆ. ಪುಟ್ಟ ಯಜಮಾನಿ ಅವನ ತೋಳಿಗೆ ಒರಗಿದಳು. ನಾನು ಮಗ್ಗು ತುಂಬಿಸಿದಾಗ ಮಗಳು ಕುರ್ಚಿಯಿಂದ ಅರ್ಧ ಎದ್ದಳು. ಅಪ್ಪಾ ನಿಧಾನ, ಅಪ್ಪಾ ಕಣ್ಣು, ಅಪ್ಪಾ ಮೂಗು ಎಂದು ಒಂದೇ ಸಮನೆ ಹೇಳತೊಡಗಿದಳು. ಮುಂಚೆಯಾಗಿದ್ದರೆ ನನಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. ಈಗ ಅವಳು ಹೇಳಲಿ ಎನಿಸಿತು. ಎಷ್ಟು ಸಲ ಬೇಕಾದರೂ ಹೇಳಲಿ. ಆದರೆ ತಲೆ ಹಿಂದಕ್ಕೆ ಬಾಗಿಸಿಕೊಂಡಿದ್ದ ರೇಡಿಯೋಗೆ ಸಹನೆ ಮೀರಿತು.

"ಅಮ್ಮಾ, ನೀನು ಪಾಪು ಹತ್ರ ಹೋಗು. ಇಲ್ಲಿ ನಾವು ಮೂರು ಜನ ಸಾಕು."

ಮಗಳು ಬಾಯಿ ತೆರೆದವಳು ಹಾಗೇ ನಿಂತಳು. ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ನಕ್ಕುಬಿಟ್ಟಳು. ಹೊಟ್ಟೆಯ ಹೊಲಿಗೆ ನೋಯುತ್ತದೆಂದು ಅದನ್ನು ಹಿಡಿದುಕೊಂಡು ನಕ್ಕಳು. ಅಮ್ಮ ನಕ್ಕದ್ದು ನೋಡಿ ರೇಡಿಯೋ ನಕ್ಕಳು, ಅವಳು ನಕ್ಕದ್ದಕ್ಕೆ ಅವಳಪ್ಪನ ಕೆನ್ನೆಯಲ್ಲಿ ಗುಳಿ ಬಿತ್ತು. ಒಳಗಿನ ಕೋಣೆಯಲ್ಲಿ ಪಾಪು ಎದ್ದು ಅಳತೊಡಗಿತು, ಮಗಳು ನಗುತ್ತಲೇ ಅತ್ತ ಹೋದಳು. ರೇಡಿಯೋದ ನಗು ಮಾತ್ರ ನಿಲ್ಲಲಿಲ್ಲ. ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಉಕ್ಕುತ್ತಿತ್ತು.

ನಾನು ತುಂಬಿದ ಮಗ್ಗು ಹಿಡಿದು ಕಾದೆ. ನಮ್ಮ ಹುಡುಗ ತೋಳು ಅಲ್ಲಾಡಿಸದೆ ಕಾದ. ಹದ ಮಾಡಿದ ನೀರು ಆರುತ್ತಿತ್ತು. ಆರಿದರೆ ಮತ್ತೆ ಕಾಯಿಸಿದರಾಯಿತು. ನಮಗೆ ಯಾವ ಅವಸರವೂ ಇರಲಿಲ್ಲ.